ಚಿತ್ರದ ಬೆನ್ನಿಗೆ ಬಿದ್ದ ಚೂರಿ

ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಚಿತ್ರವನ್ನು ಕಲಾವಿದೆ ತಿರುಗಿಸಿದಳು.

ಹೊಳೆಯಂಚಿನ ಜೊಂಡಿನಲ್ಲಿ ಬೆತ್ತಲಾಗಿ ಒರಗಿದ ಇಬ್ಬರು ಹೆಂಗಸರು. ಎಡಕ್ಕೆ ಅವಳು ಪ್ರೀತಿಸುವ ಗೆಳತಿ, ಬಲಕ್ಕೆ ಅವಳೇ. ಗೆಳತಿಯ ಮುಖದ ಮೇಲೆ ನೀರಿನ ಬೆಳಕು ಹಾಗೆಯೇ ಇತ್ತು. ಕಲಾವಿದೆಯ ಮುಖ ಮಾತ್ರ ಹಣೆಯಿಂದ ಗಲ್ಲದವರೆಗೆ ಸೀಳಿಹೋಗಿತ್ತು. ಪ್ರದರ್ಶನ ಮರುದಿನ!

"ಯಾರು ಅಂತ ಹೇಳಿ ಸಾಕು," ಎಂದಳು, ತಾನು ಕರೆಸಿದ ಪತ್ತೇದಾರನಿಗೆ. "ಉಳಿದದ್ದು ನಾನು ನೋಡ್ಕೋತೀನಿ."

"ಈ ಕೋಣೆಯ ಬೀಗದ ಕೈ ಬೇರೆ ಯಾರ ಹತ್ರ ಇದೆ?"

"ಗೆಳತಿಯ ಅಣ್ಣ—ನನ್ನ ಕ್ಯಾನ್ವಾಸು ಬಿಗಿಯೋ ಬಡಗಿ. ಆಮೇಲೆ ನನ್ನಕ್ಕ."

ಬಡಗಿ ಬಂದವನೇ ಕೆರಳಿದ. "ನಾನೇ ಅಂತ ಆಗ್ಲೇ ತೀರ್ಮಾನ ಮಾಡಿದೀರಲ್ಲ? ಹೌದು, ತಂಗೀನ ಬೆತ್ತಲೆ ಬರೆದ್ರಿ ಅಂತ ಇದರ ಎದುರೇ ನಿಂತು ಬೈದಿದೀನಿ. ನಾನೇ ಬಿಗಿದದ್ದನ್ನ ನಾನೇ ಹರೀತೀನಾ?"

"ಇನ್ಯಾರು ಹರೀತಾರೆ?" ಅಕ್ಕ ಚಿತ್ರದತ್ತ ನೋಡದೆ ಒಳಬಂದಳು. "ನನ್ನ ತಂಗಿ ಮುಖಾನೇ ಸೀಳಿದಾನಂತೆ. ಕೋಳ ಹಾಕಿಸಿ ಸ್ವಾಮಿ!"

"ನೀವು ಚಿತ್ರ ನೋಡಿದೀರಾ?" ಪತ್ತೇದಾರ ಕೇಳಿದ.

"ಥೂ! ಎತ್ತಿ ಆಡಿಸಿದ ಮಗು ಅದು. ಮೈಮೇಲೆ ಬಟ್ಟೆಯಿಲ್ದೆ ಇರೋದನ್ನ ನೋಡಲಾ? ಆಹ್ವಾನ ಪತ್ರಿಕೇಲಿ ಎರಡು ಮುಖ ಹಾಕಿದಾರಲ್ಲ, ಅಷ್ಟೇ ಸಾಕಾಯ್ತು."

ಪತ್ತೇದಾರ ಸೀಳನ್ನು ಬೆರಳಿನಿಂದ ಸವರಿದ. ಎಳೆಗಳೆಲ್ಲ ಮುಂದಕ್ಕೆ ಚಾಚಿದ್ದವು. ಚಿತ್ರ ಒರಗಿದ್ದ ಗೋಡೆಯ ಗಾರೆಯಲ್ಲಿ ಹೊಸದೊಂದು ಗೀರು.

"ಚೂರಿ ಬಂದಿರೋದು ಹಿಂದಿನಿಂದ. ಹಸಿ ಬಣ್ಣಕ್ಕೆ ಧೂಳು ಕೂರಬಾರ್ದು ಅಂತ ನೀವು ಚಿತ್ರಾನ ಗೋಡೆಗೆ ತಿರುಗಿಸಿ ಇಡ್ತೀರಿ. ಸೀಳಿದವರು ಅದನ್ನ ಇತ್ತ ತಿರುಗಿಸಲೇ ಇಲ್ಲ. ಯಾಕೆ? ನೋಡೋಕೆ ಆಗ್ತಿರಲಿಲ್ಲ."

"ಆದ್ರೆ ನನ್ನ ಮುಖ ಯಾಕೆ?"

"ಗುರಿ ನಿಮ್ಮ ಮುಖ ಅಲ್ಲ. ಆಹ್ವಾನ ಪತ್ರಿಕೇಲಿ ಗೆಳತಿ ಎಡಕ್ಕಿದಾರೆ. ಹಿಂದಿನಿಂದಲೂ ಎಡಕ್ಕೇ ಚೂರಿ ಹಾಕಿದ್ರು. ಹಿಂದಿನ ಎಡ ಮುಂದಿನ ಬಲ! ದಿನಾ ಚಿತ್ರದ ಬೆನ್ನಿಗೇ ಮೊಳೆ ಹೊಡೆಯೋ ಬಡಗಿಗೆ ಈ ತಪ್ಪಾಗಲ್ಲ. ನಿಮ್ಮ ಅಕ್ಕನಿಗೆ ಆಯ್ತು."

ಅಕ್ಕ ತಂಗಿಯತ್ತ ತಿರುಗಿದಳು. "ಅವಳು ನಿನ್ನ ನನ್ನಿಂದ ಕಿತ್ಕೊಂಡ್ಳು ಕಣೇ. ಅವಳ ಮುಖ ಹಾಳು ಮಾಡ್ಬೇಕಿತ್ತು. ನಿನ್ನ ಮೇಲೆ ಕೈ ಮಾಡ್ತೀನಾ ನಾನು? ಕೊಡು, ಹೊಲಿದು ಕೊಡ್ತೀನಿ."

"ಮುಟ್ಟಬೇಡ. ಇದು ಹೀಗೇ ಪ್ರದರ್ಶನಕ್ಕೆ ಹೋಗುತ್ತೆ. ಸೀಳಿದ್ದು ನನ್ನಕ್ಕ ಅಂತ ಬಂದವರಿಗೆಲ್ಲ ನಾನೇ ಹೇಳ್ತೀನಿ." ಕಲಾವಿದೆ ಅಕ್ಕನ ಗಲ್ಲ ಹಿಡಿದು ಚಿತ್ರದತ್ತ ತಿರುಗಿಸಿದಳು. "ಕಣ್ಣು ಬಿಡು. ಈಗ ನೋಡು."

ಅಕ್ಕ ನೋಡಿದಳು. ಜೊಂಡಿನ ನಡುವೆ ಗೆಳತಿ ನಗುತ್ತಲೇ ಇದ್ದಳು. ಅವಳ ನೋಟ ನೆಟ್ಟಿದ್ದ ಕಡೆ ತಂಗಿಯ ಮುಖವಿರಲಿಲ್ಲ.