ಉಪ್ಪಿನ ತಮ್ಮ

ಬಾಗಿಲು ಬಡಿದ ಸದ್ದಿಗೆ ತಂಗಿಗೆ ರೇಗಿತು. ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಅಕ್ಕ ಆಗಷ್ಟೇ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕಾಲು ಚಾಚಿದ್ದಳು. ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಎಡವಟ್ಟಾದರೂ ಅದರ ಗಂಟು ಬಿಡಿಸಲು ಟೀಚರಮ್ಮನೇ ಬೇಕು.

ಬಂದವಳು ಮಹಡಿ ಮನೆಯ ಸೊಸೆ. ಅತ್ತು ಅತ್ತು ಕಣ್ಣುಗಳು ಊದಿಕೊಂಡಿದ್ದವು.

"ಟೀಚರ್, ಅತ್ತೆ ಆಸ್ಪತ್ರೇಲಿದ್ದಾರೆ. ಮೊದಲೇ ಬಿಪಿ, ಕಿಡ್ನಿ ಬೇರೆ ಸೋತಿದೆ. ಈಗ ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆಯಂತೆ. ಅಡುಗೇಲಿ ನಾನೇ ಏನೋ ಬೆರೆಸಿದೀನಿ ಅಂತ ನಾದಿನಿ ಪೊಲೀಸರಿಗೆ ಹೇಳೋಕೆ ಹೊರಟಿದ್ದಾರೆ."

"ಅಡುಗೆ ಹೇಗಿತ್ತು?"

"ಈಚೆಗೆ ಯಾಕೋ ಸ್ವಲ್ಪ ಕಹಿ. ಅತ್ತೇನೂ ಗೊಣಗಿದ್ರು. ಮಾವ ಮಾತ್ರ ತುಟಿಪಿಟಕ್ ಅನ್ನಲಿಲ್ಲ."

"ನಿಮ್ಮ ಮಾವನಾ?" ತಂಗಿಗೆ ಆ ಹೊತ್ತಲ್ಲೂ ನಗು ಬಂತು. "ಉಪ್ಪು ಒಂದು ಚಿಟಿಕೆ ಹೆಚ್ಚಾದ್ರೆ ಕೆಳಗಿನ ಮನೆವರೆಗೂ ಕೇಳೋ ಹಾಗೆ ಕೂಗೋರು!"

ಅಕ್ಕ ನಗಲಿಲ್ಲ. ನಿಟ್ಟುಸಿರು ಬಿಟ್ಟು ಎದ್ದಳು.

ಮೇಲಿನ ಅಡುಗೆಮನೆಯಲ್ಲಿ ನಾದಿನಿ ಕೈಕಟ್ಟಿ ನಿಂತಿದ್ದಳು. ಮುದುಕರಾದ ಮಾವ ಮೂಲೆಯ ಕುರ್ಚಿಯಲ್ಲಿ ನೆಲ ನೋಡುತ್ತಿದ್ದರು. ಅಕ್ಕ ಕಿಟಕಿಯ ಪರದೆ ಎಳೆದು, ಒಲೆ ಹಚ್ಚಿ, ಉಪ್ಪಿನ ಡಬ್ಬಿಯಿಂದ ಒಂದು ಚಿಟಿಕೆ ಉದುರಿಸಿದಳು. ಉರಿ ತಿಳಿನೇರಳೆಗೆ ತಿರುಗಿತು. ತಂಗಿ ಕೆಳಗಿನಿಂದ ತಂದ ಉಪ್ಪಿಗೆ ಹಳದಿಯಾಯಿತು.

"ನಮ್ಮ ಉಪ್ಪಿನಲ್ಲಿರೋದು ಸೋಡಿಯಂ. ಈ ಡಬ್ಬೀಲಿರೋದು ಅದರ ತಮ್ಮ, ಪೊಟ್ಯಾಸಿಯಂ," ಎಂದಳು ಅಕ್ಕ. "ಬರೀ ಲೋಹವಾಗಿದ್ದಾಗ ಇವರ ಹಿರಿಯಣ್ಣ ಲಿಥಿಯಂ ನೀರಿಗೆ ಬಿದ್ರೆ ಬರೀ ಗುಳುಗುಳು ಅನ್ನುತ್ತೆ. ಸೋಡಿಯಂ ಓಡಾಡುತ್ತೆ. ಪೊಟ್ಯಾಸಿಯಂ ಉರಿದೇ ಬಿಡುತ್ತೆ. ಈ ಮನೆತನದಲ್ಲಿ ಕೆಳಗೆ ಹೋದಷ್ಟೂ ಮೈ ಮೆತ್ತಗೆ, ಸಿಟ್ಟು ಜಾಸ್ತಿ. ಉಪ್ಪಾದ್ಮೇಲೆ ಎಲ್ಲರೂ ಸಾಧುಗಳೇ, ನೋಡೋಕೂ ಒಂದೇ ಥರ. ತಮ್ಮನ ಉಪ್ಪು ಕೊಂಚ ಕಹಿ. ಗಟ್ಟಿ ಕಿಡ್ನಿ ಅದನ್ನ ಹೊರಗೆ ಹಾಕುತ್ತೆ, ಸೋತ ಕಿಡ್ನಿಗೆ ಆಗಲ್ಲ."

"ಹಾಗಾದ್ರೆ ಇವಳೇ ಹಾಕಿರೋದು!" ನಾದಿನಿ ಸಿಡಿದಳು.

"ಹಾಕಿದೋಳು ಕಹಿ ಅಂತ ತಾನೇ ಬಾಯಿಬಿಡ್ತಾಳಾ? ಕಹಿ ಅನ್ನದೆ ಉಳಿದೋರು ಒಬ್ಬರೇ, ಅದೂ ಉಪ್ಪಿನ ವಿಷಯದಲ್ಲಿ ಎಂದೂ ಸುಮ್ಮನಿರದವರು. ಕಹಿ ಯಾಕೆ ಅಂತ ಅವರಿಗೆ ಗೊತ್ತಿತ್ತು."

ಮುದುಕರು ತಲೆ ಎತ್ತಿ ಮಗಳತ್ತ ನೋಡಿದರು. "ಉಪ್ಪು ಬಿಡಿ ಅಂತ ನಿಮ್ಮಮ್ಮನಿಗೆ ಅಂದಿದ್ರು ಡಾಕ್ಟರು. ಅವಳು ಸಪ್ಪೆ ಊಟ ಒಲ್ಲೆ ಅಂತ ತಟ್ಟೆ ಮುಂದೆ ಕೂತು ಅತ್ತುಬಿಟ್ಟಳು. ಇದು ಬಿಪಿಯವರ ಉಪ್ಪು ಅಂದ ಅಂಗಡಿಯವನು. ಹೇಳಿದ್ರೆ ತಿನ್ನಲ್ಲ ಅಂತ ಹೇಳದೇ ಡಬ್ಬಿಗೆ ಸುರಿದೆ. ಒಳ್ಳೇದಾಗ್ಲಿ ಅಂತ... ಹಾಗಾದ್ರೆ ನಾನೇನಾ?"

ನಾದಿನಿ ಮುಖ ಮುಚ್ಚಿಕೊಂಡಳು. ಸೊಸೆ ಮಾತ್ರ ಒಲೆ ಆರಿಸಿ, ಮಾವನ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟಳು.

"ಏಳಿ ಮಾವ. ಡಾಕ್ಟರಿಗೆ ಈಗಲೇ ಹೇಳ್ಬೇಕು."

"ನಿಮ್ಮತ್ತೆಗೆ ಏನಂತ ಹೇಳ್ಲಿ?"

"ನಿಜಾನೇ ಹೇಳಿ. ಬೈತಾರೆ, ಬೈಸ್ಕೊಳ್ಳಿ. ನಾನು ಪಕ್ಕದಲ್ಲೇ ಇರ್ತೀನಿ."

ಮೆಟ್ಟಿಲಿಳಿಯುತ್ತಾ ಅಕ್ಕ ತಂಗಿಯ ತೋಳು ಹಿಡಿದುಕೊಂಡಳು. "ಕೆಟ್ಟೋರು ಸಿಕ್ಕಿದ್ದಿದ್ರೆ ಇಷ್ಟು ಸುಸ್ತಾಗ್ತಿರಲಿಲ್ಲ ಕಣೇ."

ತಣ್ಣಗಾಗಿದ್ದ ಚೀಲಕ್ಕೆ ತಂಗಿ ಮತ್ತೆ ಬಿಸಿನೀರು ತುಂಬಿದಳು.