ಟೈಲ್ಸಿನ ತಪ್ಪಲ್ಲ

ಕೀತ್ ನಮ್ಮ ಮನೆಗೆ ಐದನೇ ಸಲ ಬಂದಾಗ ನನ್ನ ತಾಳ್ಮೆ ಪೂರ್ತಿ ಮುಗಿದಿತ್ತು.

ಉಪ್ಪಳದ ನಮ್ಮ ಮನೆಯ ಹಾಲ್‌ಗೆ ಹೊಳೆಯುವ ಟೈಲ್ಸ್ ಹಾಕಿದವನು ಅವನೇ. ಅಂದಿನಿಂದ ನಮ್ಮ ಪೊಮೇರಿಯನ್ ನಾಯಿ ರಸ್ಕ್ ಬಾಗಿಲಿನಿಂದ ಓಡಿ ಬಂದರೆ ಜಾರಿ ಹೋಗಿ ನಿಲ್ಲುವುದು ಸೋಫಾದ ಕೆಳಗೆ. ಟೈಲ್ಸೇ ಸರಿಯಿಲ್ಲ ಎಂದು ಪಪ್ಪ ತೀರ್ಮಾನಿಸಿದರು. ಕೀತ್ ಬಂದ, ಮಂಡಿಯೂರಿ ನೆಲ ತಟ್ಟಿದ, "ನೋಡುವ" ಎಂದ. ಮತ್ತೆ ಬಂದು ಏನೋ ಹಾಕಿ ಉಜ್ಜಿದ. ಮೂರನೇ ಸಲ ತೆಂಗಿನ ನಾರಿನ ಚಾಪೆ ತಂದು ಹಾಸಿದ. ರಸ್ಕ್ ಅದನ್ನು ಎರಡೇ ದಿನದಲ್ಲಿ ಹರಿದು ಹಾಕಿದ. ನಾಲ್ಕನೇ ಸಲ ಬರೀ ಚಹಾ ಕುಡಿದು ಹೋದ.

ನೆಲ ನೋಡಲು ಬಂದವನು ನನ್ನನ್ನೇ ನೋಡುತ್ತಿದ್ದ. ನಾನು ತಲೆ ಎತ್ತಿದರೆ ಸಾಕು, ಟೈಲ್ಸಿನ ಸಂದಿಗೆ ಕಣ್ಣು ನೆಡುತ್ತಿದ್ದ. ಇಗರ್ಜಿಯ ಕ್ವಾಯರ್‌ನಲ್ಲಿ ಎರಡು ವರ್ಷ ಜೊತೆಗೆ ಹಾಡಿದ್ದೇವೆ. ಹಾಡು ಬಿಟ್ಟು ಬೇರೆ ಮಾತು ಆ ಬಾಯಿಂದ ಬಂದದ್ದಿಲ್ಲ. ಇಂಥವನೇ ನನಗೆ ಇಷ್ಟವಾಗಬೇಕೆ!

"ಇನ್ನು ನೋಡುವುದು ಬೇಡ ಮಾರಾಯ," ಎಂದೆ. "ನಿನ್ನೆ ರಸ್ಕ್ ಮೆಟ್ಟಿಲಿಂದ ಬಿದ್ದ. ಶನಿವಾರ ಪಪ್ಪ ಅವನನ್ನು ಕಾರಡ್ಕದ ಆಂಟಿಗೆ ಕೊಡ್ತಾರಂತೆ."

ಕೀತ್‌ನ ಮುಖ ಬಿಳಿಚಿತು. ಚೀಲದಿಂದ ತುದಿ ಮೊಂಡಾದ ಪುಟ್ಟ ಕತ್ತರಿ, ಬಾಚಣಿಗೆ ತೆಗೆದ.

"ಅವನನ್ನು ಮಡಿಲಲ್ಲಿ ಮಲಗಿಸು. ಬೆಳಕಿಗೆ ಬಾ."

ಕಿಟಕಿಯ ಬಳಿ ಕುಳಿತೆ. ಕೀತ್ ರಸ್ಕ್‌ನ ಪಾದ ತಿರುಗಿಸಿ ತೋರಿಸಿದ. ಅಡಿಯ ಮೆತ್ತೆಗಳ ನಡುವೆ ಕೂದಲು ಬೆಳೆದು, ಸಾಕ್ಸ್ ಹಾಕಿದ ಹಾಗೆ ಪಾದವನ್ನೇ ಮುಚ್ಚಿತ್ತು.

"ಹಾಗಾದ್ರೆ ಟೈಲ್ಸ್?"

"ಟೈಲ್ಸಿಗೆ ಎಂತದೂ ಆಗ್ಲಿಲ್ಲ. ಈ ಕೂದಲಿಂದ ಅವ ಜಾರುವುದು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮನೆಮಂದಿಯೆಲ್ಲ ಒಂದು ತಿಂಗಳಿಂದ ಮಾಡಿದ್ದು ಅದನ್ನೇ.

ಕೀತ್ ಕೂದಲನ್ನು ಹೊರಕ್ಕೆ ಬಾಚಿ, ಕತ್ತರಿಯನ್ನು ಪಾದಕ್ಕೆ ಅಡ್ಡಲಾಗಿ ಮಲಗಿಸಿ, ಮೆತ್ತೆಯಿಂದಾಚೆ ಬಂದಷ್ಟನ್ನೇ ಕತ್ತರಿಸಿದ. "ಸಂದಿಯೊಳಗೆ ತುದಿ ಹಾಕ್ಬಾರ್ದು, ಚರ್ಮ ಸಿಕ್ತದೆ. ನೀನು ಅಲುಗಾಡ್ಬೇಡ, ಜೋರು ಮಾತಾಡ್ಬೇಡ. ಅವ ಬೆಚ್ಚಿದ್ರೆ ಗಾಯ."

ಮೂರು ಪಾದಕ್ಕೆ ಅರ್ಧ ಗಂಟೆ. ಕೀತ್‌ನ ತಲೆ ನನ್ನ ಭುಜಕ್ಕೆ ಇನ್ನೇನು ತಾಗಬೇಕು, ಅಷ್ಟು ಹತ್ತಿರ. ಕೂದಲಲ್ಲಿ ಸಿಮೆಂಟಿನ ಪುಡಿ. ನನಗೆ ಅದನ್ನು ಒರೆಸಬೇಕೆನಿಸಿತು.

ನಾಲ್ಕನೇ ಪಾದಕ್ಕೆ ಕತ್ತರಿ ಇಟ್ಟು ಮೆಲ್ಲಗೆ ಹೇಳಿದ: "ಇದು ನಂಗೆ ಮೊದಲನೇ ದಿನವೇ ಗೊತ್ತಿತ್ತು, ಗ್ಲೋರಿಯಾ. ನಮ್ಮಲ್ಲೂ ಇಂಥದ್ದೇ ನಾಯಿ ಇತ್ತು."

ನಾನು ಬಾಯಿ ತೆರೆದೆ.

"ಶ್, ಅಲುಗಾಡ್ಬೇಡ. ಹೇಳಿದ್ರೆ ಒಂದೇ ದಿನಕ್ಕೆ ಮುಗೀತಿತ್ತು. ಮತ್ತೆ ಇಲ್ಲಿಗೆ ಬರ್ಲಿಕ್ಕೆ ನಂಗೆ ಎಂತ ಕಾರಣ ಉಂಟು? ಕತ್ತರಿ ಪ್ರತಿ ಸಲ ಚೀಲದಲ್ಲೇ ಇತ್ತು. ನೀನು ಎದುರು ಬಂದ್ರೆ ತೆಗೀಲಿಕ್ಕೆ ಮನಸ್ಸಾಗ್ತಿರ್ಲಿಲ್ಲ. ನಂಗೆ ನೀನಂದ್ರೆ ಪ್ರೀತಿ."

ಎರಡು ವರ್ಷ ಕಾದ ಮಾತು ಬಂದದ್ದು ನಾನು ಮಿಸುಕಲೂ ಆಗದ ಹೊತ್ತಿನಲ್ಲಿ! ನಗುವಂತಿಲ್ಲ, ಬಯ್ಯುವಂತಿಲ್ಲ. ಹಲ್ಲು ಕಚ್ಚಿ ಕುಳಿತೆ.

ಕತ್ತರಿ ಕೆಳಗಿಟ್ಟದ್ದೇ ತಡ, ಶುರು ಮಾಡಿದೆ. "ನನ್ನ ನಾಯಿ ತಿಂಗಳಿಡೀ ಬಿದ್ದ, ನೀನು ಬಾಯಿಗೆ ಬೀಗ ಹಾಕಿ ಕೂತದ್ದಾ? ಕಾಲು ಮುರಿದಿದ್ರೆ? ನಿಂಗೆ ತಲೆ ಉಂಟಾ?"

"ತಪ್ಪಾಯ್ತು," ಎಂದ. ಕಣ್ಣು ಒದ್ದೆಯಾಗಿತ್ತು. "ನಿನ್ನ ಪಪ್ಪನಿಗೆ ನಿಜ ಹೇಳಿ ಹೋಗ್ತೇನೆ. ರಸ್ಕನ್ನು ಕೊಡುವುದು ಬೇಡ. ನಾನಿನ್ನು ಬರುವುದಿಲ್ಲ."

ರಸ್ಕ್ ಮಡಿಲಿಂದ ಜಿಗಿದು ಓಡಿ, ಬಾಗಿಲ ಬಳಿ ಗಕ್ಕನೆ ನಿಂತ. ಜಾರಲಿಲ್ಲ. ಕೀತ್ ಚೀಲ ಹೆಗಲಿಗೇರಿಸಿದ. ಹೋಗಿಯೇಬಿಡುವ ಜಾತಿ ಅವನದು, ನನಗೆ ಗೊತ್ತು.

"ನಿಲ್ಲು. ಪಪ್ಪನಿಗೆ ಹೇಳುವುದಾದ್ರೆ ಅರ್ಧ ಹೇಳ್ಬೇಡ. ಯಾಕೆ ಸುಮ್ಮನಿದ್ದದ್ದು ಅಂತಲೂ ಹೇಳು."

"ಅವರು ಬಯ್ದರೆ?"

"ಬಯ್ಯಲಿ. ನಾನು ಬಯ್ದದ್ದಕ್ಕಿಂತ ಹೆಚ್ಚೇನಲ್ಲ. ನನಗೂ ನಿನ್ನ ಮೇಲೆ ಪ್ರೀತಿ ಉಂಟು ಪೆದ್ದ, ಅದನ್ನು ನಾನು ಹೇಳ್ತೇನೆ."

ಗೇಟಿನಲ್ಲಿ ಪಪ್ಪನ ಸ್ಕೂಟರ್ ಬಂದು ನಿಂತಿತು. ಕೀತ್ ಒಂದು ಹೆಜ್ಜೆ ಹಿಂದೆ ಸರಿದ. ನಾನು ಅವನ ಕೈ ಹಿಡಿದೆ. ಪಪ್ಪ ಒಳಗೆ ಬಂದರು, ನಮ್ಮಿಬ್ಬರ ಕೈಯನ್ನೇ ನೋಡಿದರು. ನಾನು ಬಿಡಲಿಲ್ಲ.