ಸೊನ್ನೆಯಾಗದ ಶೇಷ

"ಒಂದು ಮಾತೂ ಬೇಡ!"

ಸಂಖ್ಯಾ ಪರಿಶೀಲನಾ ಕೋಣೆಯ ಬಾಗಿಲಲ್ಲೇ ಪರಿಶೀಲಕಿ ಅಂಗೈ ಅಡ್ಡ ಹಿಡಿದಳು. ಕಾಲೇಜಿನ ಗಣಿತ ಅಧ್ಯಾಪಕ ತಬ್ಬಿಬ್ಬಾದ.

"ಆರು ವರ್ಷದ ಲೆಕ್ಕ ಮೇಡಂ. ಎರಡೂವರೆ ಕೋಟಿ ಅಂಕಿಗಳ ಅವಿಭಾಜ್ಯ ಸಂಖ್ಯೆ! ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದಕ್ಕೂ ಬಗ್ಗಲ್ಲ..."

"ಬಗ್ಗುತ್ತೋ ಇಲ್ವೋ ನಮ್ಮ ಯಂತ್ರ ಹೇಳುತ್ತೆ. ಇಪ್ಪತ್ತು ದಿನ. ಅಲ್ಲಿವರೆಗೆ ಲೆಕ್ಕದ ಬಗ್ಗೆ ನಿಮ್ಮ ಜೊತೆ ನಾನು ಮಾತಾಡೋ ಹಾಗಿಲ್ಲ. ಇಲ್ಲಿನ ನಿಯಮ."

"ಮಳೆ ಬಿಸಿಲಿನ ಬಗ್ಗೆ?"

"ಬೇಡ. ನಿಮ್ಮ ಮುಖ ನೋಡಿದ್ರೆ ಮಳೆ ವಿಷಯಾನೂ ಲೆಕ್ಕಕ್ಕೇ ಬಂದು ನಿಲ್ಲುತ್ತೆ."

ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಅವನ ಅಕ್ಕ ಮಲಗಿದ್ದಳು. ಅವನನ್ನು ಸಾಕಿ ಬೆಳೆಸಿದವಳು. ಅಲ್ಲಿಗೆ ಹೋಗುವ ಮುನ್ನ ಅವನು ದಿನವೂ ಪರಿಶೀಲನಾ ಕೋಣೆಯ ಗಾಜಿನ ಆಚೆ ಬೆಂಚಿನಲ್ಲಿ ಕೂರುತ್ತಿದ್ದ. ಎರಡು ಲೋಟ ಟೀ. ಒಂದನ್ನು ಬಾಗಿಲ ಬಳಿ ಇಟ್ಟು ಸುಮ್ಮನೆ ನಗುತ್ತಿದ್ದ.

ಮಾತೇ ಇಲ್ಲದೆ ಒಬ್ಬರು ಇಷ್ಟು ಹತ್ತಿರವಾಗಬಹುದಾ... ಎಂದು ಟೀ ಲೋಟ ಎತ್ತಿಕೊಳ್ಳುವಾಗ ಅವಳಿಗೆ ಅನ್ನಿಸುತ್ತಿತ್ತು.

ಒಂಬತ್ತನೇ ದಿನ, ಲೆಕ್ಕದ ನಡುವಿನ ಒಂದು ಹಂತದಲ್ಲಿ ಅವಳ ಯಂತ್ರಕ್ಕೆ ಬಂದ ಶೇಷ, ಅದೇ ಹಂತಕ್ಕೆ ಅವನು ಬರೆದುಕೊಟ್ಟಿದ್ದ ಶೇಷದೊಂದಿಗೆ ತಾಳೆಯಾಗಲಿಲ್ಲ. ಇನ್ನೊಂದು ಯಂತ್ರದಲ್ಲಿ ನೋಡಿದಳು. ಅದೂ ಅವಳ ಯಂತ್ರದ ಶೇಷವನ್ನೇ ಕೊಟ್ಟಿತು. ಅವನ ಲೆಕ್ಕ ದಾರಿಯಲ್ಲೇ ತಪ್ಪಿತ್ತು. ಕೊನೆಯ ಶೇಷ ಸೊನ್ನೆ ಬಂದರೆ ಮಾತ್ರ ಸಂಖ್ಯೆ ಅವಿಭಾಜ್ಯ. ಅವನಿಗೆ ಸಿಕ್ಕಿದ್ದ ಸೊನ್ನೆಯನ್ನು ಇನ್ನು ನಂಬುವಂತಿರಲಿಲ್ಲ.

ಅವಳು ದಾಖಲೆಯಲ್ಲಿ ಬರೆದು ಸಹಿ ಹಾಕಿದಳು. ಗಾಜಿನಾಚೆ ಅವನು ನಗುತ್ತಿದ್ದ.

ಹನ್ನೆರಡನೇ ದಿನ ಮಧ್ಯಾಹ್ನ, ನರ್ಸ್ ತಳ್ಳುತ್ತಿದ್ದ ಗಾಲಿಕುರ್ಚಿಯಲ್ಲಿ ಅಕ್ಕನೇ ಬಂದಳು.

"ಬಾಯಿಗೆ ಬೀಗ ಹಾಕ್ಕೊಂಡಿರೋ ಹುಡುಗಿ ನೀನೇನಾ? ನನ್ನ ತಮ್ಮನ ಸಂಖ್ಯೆ ಏನಾಯ್ತಮ್ಮ?"

ಅವಳ ಕಣ್ಣು ತುಂಬಿಬಂತು.

ಅಕ್ಕನಿಗೆ ಅಷ್ಟೇ ಸಾಕಾಯಿತು. "ಅಳಬೇಡ ಕಣೇ... ಅವನಿಗೆ ಗೊತ್ತಾಗೋದು ಬೇಡ. ನನಗಿರೋದು ನಾಲ್ಕು ದಿನ. ನಗ್ತಾ ಪಕ್ಕದಲ್ಲಿ ಕೂತಿರ್ಲಿ ಪಾಪ."

ಹದಿನೇಳನೇ ದಿನ ಬೆಂಚು ಖಾಲಿಯಿತ್ತು. ಅಕ್ಕ ಹೋಗಿಬಿಟ್ಟಿದ್ದಳು.

ಇಪ್ಪತ್ತನೇ ದಿನ ಅವನು ಬಂದ. ಕೊನೆಯ ಶೇಷ ಸೊನ್ನೆಯಾಗಿರಲಿಲ್ಲ. ದಾಖಲೆಯ ಹಾಳೆ ತಿರುವುತ್ತಾ ಒಂಬತ್ತನೇ ದಿನದ ಸಹಿಯ ಬಳಿ ಅವನ ಬೆರಳು ನಿಂತಿತು.

"ಅವತ್ತೇ ಗೊತ್ತಿತ್ತಾ? ನನ್ನ ಟೀ ಕುಡೀತಾ ಸುಮ್ಮನಿದ್ರಾ? ಗೆದ್ದೆ ಅಕ್ಕ ಅಂತ ದಿನಾ ಹೇಳ್ತಿದ್ದೆ... ಸುಳ್ಳು ಹೇಳಿ ಕಳಿಸಿಬಿಟ್ಟೆ ಅವಳನ್ನ!"

"ಅವರಿಗೆ ಗೊತ್ತಿತ್ತು."

ಅವನು ತಲೆಯೆತ್ತಿದ.

"ಇಲ್ಲಿಗೆ ಬಂದಿದ್ರು. ನಾನು ಬಾಯಿ ಬಿಡಲಿಲ್ಲ... ಕಣ್ಣು ಮಾತು ಕೇಳಲಿಲ್ಲ. ನಿಮಗೆ ಹೇಳಬೇಡ ಅಂದ್ರು. ಅವರಿಗೆ ನಿಮ್ಮ ನಗು ಬೇಕಿತ್ತು."

ಅವನು ನೆಲದ ಮೇಲೇ ಕುಸಿದು ಕುಳಿತ. ಅವಳೂ ಪಕ್ಕದಲ್ಲಿ ಕುಳಿತಳು. ಅಳು ನಿಲ್ಲಲು ತುಂಬಾ ಹೊತ್ತು ಹಿಡಿಯಿತು.

"ನನ್ನ ಸಂಖ್ಯೇನ ಯಾವುದು ಭಾಗಿಸುತ್ತೆ?"

"ಗೊತ್ತಿಲ್ಲ. ಭಾಗಿಸೋದೊಂದು ಇದೆ ಅಂತಷ್ಟೇ ಈ ಪರೀಕ್ಷೆ ಹೇಳುತ್ತೆ. ಯಾವುದು ಅಂತ ಹೇಳಲ್ಲ."

"ಮನೆಗೆ ಹೋದ್ರೆ ಯಾರೂ ಇಲ್ಲ... ಏನಾದ್ರೂ ಮಾತಾಡಿ."

ಅವಳು ಅವನ ಕೈ ಹಿಡಿದಳು.

"ಹೊರಡುವಾಗ ಅಕ್ಕ ಇನ್ನೊಂದು ಮಾತು ಕೇಳಿದ್ರು. ಅವನು ನಿನಗೆ ಇಷ್ಟಾನಾ ಅಂತ."

"ಏನಂದ್ರಿ?"

"ಹೌದು ಅಂದೆ."

ಅವನ ಬೆರಳುಗಳು ಅವಳ ಕೈಯಲ್ಲಿ ಬಿಗಿಯಾದವು.

"ಅಕ್ಕ... ನಕ್ಕಳಾ?"

"ನಕ್ರು."